ಕ್ವೆ ನೋಯ್ ನದಿಯ ಅಂಚಿನಲ್ಲಿ

ಬೆಳಗ್ಗೆ ಬ್ಯಾಂಕಾಕಿನ ಥೋನ್‌ಬುರಿ ನಿಲ್ದಾಣ ಬಿಟ್ಟ ರೈಲು ಈಗ ಕಾಂಚನಬುರಿ ದಾಟಿ ಕ್ವಾಯ್ ಸೇತುವೆ ಏರಿದೆ. ಮೂರನೇ ದರ್ಜೆ ಬೋಗಿ; ಕಿಟಕಿಗಳೆಲ್ಲ ಹಾರುಹೊಡೆದಿವೆ. ಹಳಿ ಮೇಲೆ ಅಡ್ಡಾಡುತ್ತಿದ್ದ ಪ್ರವಾಸಿಗರು ಪಕ್ಕಕ್ಕೆ ಸರಿದು ಕೈಬೀಸುತ್ತಿದ್ದಾರೆ. ಬಾಗಿದ ಉಕ್ಕಿನ ಕಮಾನುಗಳು ಎರಡನೇ ಮಹಾಯುದ್ಧದ ಕಾಲದವು. ನಡುವೆ ನೆಟ್ಟಗಿರುವ ಎರಡು ಅಂಕಣಗಳನ್ನು ಬಾಂಬ್ ದಾಳಿಯಾದ ಮೇಲೆ ಕೂರಿಸಿದ್ದು.

ಆಮೇಲೆ ಕಬ್ಬು, ಮರಗೆಣಸಿನ ಹೊಲಗಳು. ಬುಟ್ಟಿ ಹಿಡಿದ ಹೆಂಗಸೊಬ್ಬಳು ಅನ್ನದ ಪೊಟ್ಟಣ ಮಾರುತ್ತ ಹಾದು ಹೋಗುತ್ತಾಳೆ.

ಥಮ್ ಕ್ರಸೆ ನಿಲ್ದಾಣ ಹತ್ತಿರ ಬರುತ್ತಲೇ ರೈಲು ಆಮೆನಡಿಗೆ ಹಿಡಿಯುತ್ತದೆ. ಎಡಗಡೆಗೆ ಬನ್ನಿ, ಆದಷ್ಟು ಹಿಂದಿನ ಬೋಗಿಯಲ್ಲಿರಿ. ಬಲಕ್ಕೆ ಕೈಗೆಟಕುವಷ್ಟು ಹತ್ತಿರದಲ್ಲಿ ಬಂಡೆ. ಎಡಕ್ಕೆ ನೆಲವೇ ಇಲ್ಲ. ಬಗ್ಗಿ ನೋಡಿದರೆ ಮರದ ದಿಮ್ಮಿಗಳ ಅಟ್ಟಣೆ, ಅದರ ಕೆಳಗೆ ಕ್ವೆ ನೋಯ್ ನದಿಯ ಕೆಂಪು ಮಿಶ್ರಿತ ಕಂದು ನೀರು. ಕಂಬಕ್ಕೂ ತೊಲೆಗೂ ಬಿಗಿದ ಬೋಲ್ಟುಗಳ ತಲೆ ಎಣಿಸಬಹುದು, ಅಷ್ಟು ನಿಧಾನ. ಗಾಲಿ ಉರುಳಿದಂತೆ ದಿಮ್ಮಿಗಳು ಕಿರುಗುಟ್ಟುತ್ತವೆ. ಹಳಿ ಬೆಟ್ಟದ ಮೈಗಂಟಿ ತಿರುಗುವಾಗ ನಿಮ್ಮದೇ ರೈಲಿನ ಎಂಜಿನ್ ಕಿಟಕಿಯಲ್ಲಿ ಕಾಣುತ್ತದೆ. ಎಲ್ಲರ ಫೋನುಗಳೂ ಹೊರಗೆ ಚಾಚಿಕೊಳ್ಳುವುದು ಆಗಲೇ. ನೀವೂ ತೆಗೆಯಿರಿ, ಚಿತ್ರ ನಿಜಕ್ಕೂ ಸೊಗಸಾಗಿ ಬರುತ್ತದೆ.

ಆದರೆ ಈ ಅಟ್ಟಣೆ ಕಟ್ಟಿದವರ ವಿಷಯ ಹೇಳದೆ ಆ ಚಿತ್ರವನ್ನು ಯಾರಿಗೂ ಕಳಿಸಲು ನನಗೆ ಮನಸ್ಸು ಬರುವುದಿಲ್ಲ. 1942-43ರಲ್ಲಿ ಜಪಾನಿ ಸೇನೆ ಥಾಯ್ಲೆಂಡಿನಿಂದ ಬರ್ಮಾಕ್ಕೆ 415 ಕಿ.ಮೀ. ಹಳಿ ಹಾಕಿಸಿತು; ಈ ಅಟ್ಟಣೆ ಅದರದೇ ಭಾಗ. ಆ ಕೆಲಸಕ್ಕೆ ಹಚ್ಚಿದ ಬ್ರಿಟಿಷ್, ಡಚ್, ಆಸ್ಟ್ರೇಲಿಯನ್ ಯುದ್ಧಕೈದಿಗಳಲ್ಲಿ 12,000ಕ್ಕೂ ಹೆಚ್ಚು ಮಂದಿ ಸತ್ತರು. ಕೈದಿಗಳಲ್ಲದ ಏಷ್ಯಾದ ಕೂಲಿಗಳು ಅದಕ್ಕೂ ಎಷ್ಟೋ ಪಟ್ಟು ಹೆಚ್ಚು ಸತ್ತರು. ಅವರ ಲೆಕ್ಕವನ್ನು ಯಾರೂ ಸರಿಯಾಗಿ ಇಡಲಿಲ್ಲ. ಅವರಲ್ಲಿ ಮಲಯದ ರಬ್ಬರ್ ತೋಟಗಳಿಂದ ಕರೆತಂದ ತಮಿಳರು ಬಹಳ. ಕೂಲಿಯ ಆಸೆ ತೋರಿಸಿ ಕೆಲವರನ್ನು, ಬಲವಂತವಾಗಿ ಹಲವರನ್ನು ತಂದರು. 1943ರ ಮಳೆಗಾಲದಲ್ಲಿ ಕಾಲರಾ ಬಂದಾಗ ಅವರ ಶಿಬಿರಗಳಲ್ಲಿ ವೈದ್ಯರೂ ಇರಲಿಲ್ಲ, ಔಷಧಿಯೂ ಇರಲಿಲ್ಲ ಎನ್ನುವಂತಿತ್ತು ಸ್ಥಿತಿ.

ನಾಮ್ ಟೋಕ್‌ನಲ್ಲಿ ಇಂದಿನ ಹಳಿ ಮುಗಿಯುತ್ತದೆ. ಹಿಂತಿರುಗುವಾಗ ಕಾಂಚನಬುರಿಯಲ್ಲಿ ಇಳಿದರೆ ಯುದ್ಧಸ್ಮಶಾನ ನಿಲ್ದಾಣಕ್ಕೆ ಸಮೀಪವೇ. ಕತ್ತರಿಸಿದ ಹುಲ್ಲು, ಸಾಲು ಸಾಲು ಕಲ್ಲು, ಸುಮಾರು 7,000 ಕೈದಿಗಳ ಗೋರಿ. ಒಂದೊಂದರ ಮುಂದೂ ಬಗ್ಗಿ ಓದಿ: ಹೆಸರು, ದಳ, ಸತ್ತ ದಿನ, ವಯಸ್ಸು. ಇಪ್ಪತ್ತು ದಾಟಿ ಸ್ವಲ್ಪವೇ ಆದವರು ಎಷ್ಟೊಂದು ಜನ! ತೋಟದ ತಮಿಳರಿಗೆ ಇಲ್ಲಿ ಇಂಥದೊಂದು ಸಾಲು ಇಲ್ಲ. ಅವರ ಕೈಕೆಲಸವೂ ಸೇರಿದ ಆ ಹಾದಿ ನಿಮ್ಮ ಫೋನಿನಲ್ಲಿದೆ. ಮನೆಯವರಿಗೆ ಕಳಿಸುವಾಗ ಎರಡು ಸಾಲು ಅವರ ಬಗ್ಗೆಯೂ ಬರೆಯಿರಿ.