ಡೆಕ್ಕಿನೊಳಗೆ ಇಳಿದ ನೀರು

ಅಮೆರಿಕದ ಪೂರ್ವ ಕರಾವಳಿಯಲ್ಲಿ ಚಳಿಗಾಲ ಕಳೆಯಿತೆಂದರೆ ಹಳೆಯ ಹಾಯಿದೋಣಿಗಳ ಮೇಲೆ ಮಂಡಿಯೂರಿ ಪುಟ್ಟ ಸುತ್ತಿಗೆಯಿಂದ ಬಡಿಯುವವರು ಕಾಣಸಿಗುತ್ತಾರೆ. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವವರ ಹಾಗೆ. ‘ಟಣ್’ ಎಂದರೆ ನೆಮ್ಮದಿ. ‘ದಬ್’ ಎಂದರೆ ಒಡೆಯನ ಮುಖ ಬಾಡುತ್ತದೆ.

ಕಾರ್ಲ್ ಆಲ್ಬರ್ಗ್ ವಿನ್ಯಾಸದ ‘ಪಿಯರ್ಸನ್ ಟ್ರೈಟನ್’ ಎಂಬ 28.5 ಅಡಿಯ ಫೈಬರ್‌ಗ್ಲಾಸ್ ದೋಣಿ 1959ರ ನ್ಯೂಯಾರ್ಕ್ ಮೇಳದಲ್ಲಿ ಕಾಣಿಸಿಕೊಂಡಿತು. ಮುಂದೆ 700ಕ್ಕೂ ಹೆಚ್ಚು ತಯಾರಾದವು. ಫೈಬರ್‌ಗ್ಲಾಸ್ ಮರದಂತೆ ಕೊಳೆಯುವುದಿಲ್ಲ, ನಿಜ. ಆದರೆ ಡೆಕ್ಕಿನ ಹೊಟ್ಟೆಯೊಳಗೆ ಮರವೇ ಇತ್ತಲ್ಲ!

ತೆಳುವಾದ ಹಾಳೆ ಕಾಲಿಟ್ಟರೆ ಬಾಗುತ್ತದೆ. ಹಲಗೆಯ ದಪ್ಪ ಇಮ್ಮಡಿಯಾದರೆ ಬಿಗುವು ಎಂಟು ಪಟ್ಟಾಗುತ್ತದೆ, ಆದರೆ ತೂಕವೂ ಏರುತ್ತದೆ. ಅದಕ್ಕೇ ಎರಡು ಹಾಳೆಗಳ ನಡುವೆ ಹಗುರವಾದ ಬಾಲ್ಸಾ ಮರವನ್ನು, ಎಳೆ ನೆಟ್ಟಗೆ ನಿಲ್ಲುವಂತೆ ತುಂಡರಿಸಿ ಅಂಟಿಸುತ್ತಾರೆ. ಜಾಣ ಉಪಾಯವೇ. ತೊಂದರೆಯೆಲ್ಲ ಆಮೇಲೆ ಕೊರೆದ ಬೋಲ್ಟಿನ ತೂತುಗಳಲ್ಲಿ. ಬೋಲ್ಟಿನ ಸುತ್ತಲಿನ ಮೇಣದಂಥ ಅಂಟು ವರ್ಷಗಳು ಕಳೆದಂತೆ ಬಿಡುತ್ತದೆ. ಹನಿಹನಿಯಾಗಿ ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲ. ಚಳಿಗೆ ಅದು ಹೆಪ್ಪುಗಟ್ಟಿ ಹಿಗ್ಗಿ ಹಾಳೆಯನ್ನು ಮರದಿಂದ ಬಿಡಿಸುತ್ತದೆ. ಬಿರುಗಾಳಿಯಲ್ಲಿ ಮನುಷ್ಯ ಕಡಲಿಗೆ ಬೀಳದಂತೆ ತಡೆಯುವ ಅಂಚುಗಂಬಿಯ ಬುಡವೂ ಇದೇ ಡೆಕ್ಕಿನಲ್ಲಿದೆ.

ಕೆಲವರು ಮೇಲಿಂದ ತೂತು ಕೊರೆದು ಎಪಾಕ್ಸಿ ಸುರಿದು ಕೈತೊಳೆದುಕೊಳ್ಳುತ್ತಾರೆ. ಒದ್ದೆ ಮರಕ್ಕೆ ಎಪಾಕ್ಸಿ ಸರಿಯಾಗಿ ಹಿಡಿಯದು. ಮೇಲಿನ ಹಾಳೆಯನ್ನು ಕೊಯ್ಯದೆ ಗತಿಯಿಲ್ಲ. ಹೊಳೆಯುವ ಡೆಕ್ಕಿಗೆ ಗರಗಸ ಇಡಲು ಧೈರ್ಯ ಬೇಕು. ಗರಗಸದ ಆಳವನ್ನೂ ಅಳೆದಿಡಬೇಕು, ಕೆಳಗಿನ ಹಾಳೆಗೆ ತಾಗಕೂಡದು. ಹಾಳೆ ಎತ್ತಿದರೆ ಒಳಗೆ ಕಾಫಿ ಗಸಿಯಂತಹ ಕಪ್ಪು ಮುದ್ದೆ. ಅಂಗೈಯಗಲದ ಮೆತ್ತನೆ ಜಾಗವೆಂದು ಶುರುಮಾಡಿದವನು ಒಣಮರ ಹುಡುಕುತ್ತ ನಾಲ್ಕೈದು ಅಡಿ ಕೊಯ್ದಿರುತ್ತಾನೆ.

ಕೆರೆದು ತೆಗೆದ ಮೇಲೆ ಒಣಗಿಸಬೇಕು. ಆತುರಗಾರ ಸೋಲುವುದು ಇಲ್ಲೇ. ಆಮೇಲಿನದು ಅಷ್ಟು ಕಷ್ಟವಲ್ಲ: ಹೊಸ ಬಾಲ್ಸಾಕ್ಕೆ ಎಪಾಕ್ಸಿ ಕುಡಿಸಿ ಕೂರಿಸಿ, ಹಳೆಯ ಹಾಳೆಯನ್ನೇ ಮೇಲಿಟ್ಟು ಭಾರ ಹೇರುವುದು, ಕೊಯ್ದ ಗೆರೆಯ ಎರಡೂ ಬದಿಯನ್ನು ಇಳಿಜಾರಾಗಿ ಉಜ್ಜಿ ಗಾಜಿನ ಬಟ್ಟೆಯ ಪದರ ಹಾಸುವುದು.

ಬೋಲ್ಟುಗಳನ್ನು ಮಾತ್ರ ನೇರವಾಗಿ ತೂರಿಸುವಂತಿಲ್ಲ. ಮೊದಲು ದೊಡ್ಡ ತೂತು ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದು ಬಿಗಿದ ಮೇಲೆ ಅದರ ನಡುವೆ ಬೋಲ್ಟಿನಳತೆಯ ತೂತು. ಇನ್ನು ಅಂಟು ಬಿಟ್ಟರೂ ನೀರಿಗೆ ಮರ ಸಿಗದು. ಬಣ್ಣ ಒಣಗಿದ ಮೇಲೆ ಒಡೆಯ ಮತ್ತೆ ಸುತ್ತಿಗೆ ಹಿಡಿದು ಮಂಡಿಯೂರುತ್ತಾನೆ. ಈ ಸಲ ‘ಟಣ್’.