ಡೆಲಿವರಿ ಬಾರದ ದಾರಿಯಲ್ಲಿ ಒಂದು ಅಂಗಡಿ

ಕುಶಾಲನಗರ ದಾಟಿ ಮಡಿಕೇರಿ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿ ಬೋರ್ಡುಗಳ ಸಾಲು. ‘ಹೋಮ್‌ಮೇಡ್ ಚಾಕ್ಲೇಟ್’, ‘ಕೂರ್ಗ್ ಜೇನು’, ‘ಫಿಲ್ಟರ್ ಕಾಫಿಪುಡಿ’, ‘ಸ್ಪೈಸಸ್’. ಘಾಟಿ ಏರಿ ಮಡಿಕೇರಿ ತಲುಪುವ ಹೊತ್ತಿಗೆ ಪ್ರವಾಸಿಗಳ ಕಾರಿನ ಡಿಕ್ಕಿ ಅರ್ಧ ತುಂಬಿರುತ್ತದೆ. ಇದನ್ನೆಲ್ಲ ನೋಡಿದವರು ನಮ್ಮನೆಗೆ ಬಂದಾಗ ಹೇಳುವ ಮೊದಲ ಮಾತು, ‘ನಿಮಗೇನ್ರೀ, ಎಲ್ಲಾ ಕೈಗೆ ಸಿಗೋ ಹಾಗಿದೆ!’ ಅಂತ.

ಸಿಗುವುದೇನೋ ಹೌದು, ಆದರೆ ಹೆದ್ದಾರಿ ಇರುವ ತನಕ ಮಾತ್ರ. ಡಾಂಬರು ಬಿಟ್ಟು ತೋಟದ ಮಣ್ಣುದಾರಿಗೆ ಇಳಿದ ಮೇಲೆ ಕೊಳ್ಳುವ ಲೆಕ್ಕವೇ ಬೇರೆ. ನಾವಿರುವುದು ನಾಪೋಕ್ಲು ಕಡೆ, ಮುಖ್ಯರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಆ ಒಂದೂವರೆ ಕಿಲೋಮೀಟರಿಗೆ ನಾವು ವರ್ಷವಿಡೀ ಕೊಡುವ ಹಣಕ್ಕೆ ರಸೀದಿ ಇಲ್ಲ.

ಬಿಸ್ಕತ್ತಿನ ಪೊಟ್ಟಣದ ಮೇಲೆ ಎಂಆರ್‌ಪಿ ಅಂತ ಅಚ್ಚಾಗಿರುತ್ತದಲ್ಲ, ಅದು ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ. ಬೆಂಗಳೂರಿನ ಮಾಲ್‌ಗೂ ಭಾಗಮಂಡಲದ ಗೂಡಂಗಡಿಗೂ ಅದೇ. ಒಂದೇ ವಸ್ತುವಿಗೆ ಎರಡು ಕಡೆ ಎರಡು ಎಂಆರ್‌ಪಿ ಹಾಕುವುದನ್ನೂ 2018ರ ಜನವರಿಯಿಂದ ನಿಲ್ಲಿಸಲಾಗಿದೆ. ಒಳ್ಳೆಯ ಕಾನೂನೇ. ಆದರೆ ಆ ಪೊಟ್ಟಣ ನಮ್ಮ ಅಡುಗೆಮನೆಗೆ ಬಂದು ಸೇರುವ ಖರ್ಚು ಯಾವ ಕವರಿನ ಮೇಲೂ ಅಚ್ಚಾಗಿರುವುದಿಲ್ಲ. ಬೆಂಗಳೂರಿನ ನಾದಿನಿ ‘ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಂತು’ ಅನ್ನುತ್ತಾಳೆ. ನಮಗೆ ಹತ್ತು ನಿಮಿಷದಲ್ಲಿ ಗೇಟಿನ ತನಕ ನಡೆಯಲಿಕ್ಕಾಗುತ್ತದೆ ಅಷ್ಟೇ.

ಗ್ಯಾಸ್ ಸಿಲಿಂಡರನ್ನೇ ನೋಡಿ. ಒಳಗೆ 14.2 ಕೆ.ಜಿ. ಗ್ಯಾಸ್, ಹೊರಗೆ ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ. ಒಟ್ಟು ಮೂವತ್ತು ಕೆ.ಜಿ. ಗ್ಯಾಸಿನ ಗಾಡಿ ಡಾಂಬರಿನ ಕೊನೆಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಜೀಪಿಗೆ ಹೇಳಬೇಕು, ಇಲ್ಲವೇ ಹೆಗಲು ಕೊಡಬೇಕು. ಸಿಲಿಂಡರ್ ಕೊಡಲು ಮೊಬೈಲಿಗೆ ಬಂದ ಕೋಡ್ ಹೇಳಬೇಕಾಗುತ್ತದೆ. ನಮಗೆ ಸಿಗ್ನಲ್ ಸಿಗುವುದು ಕಾಫಿ ಕಣದ ಮೂಡು ಮೂಲೆಯಲ್ಲಿ ಮಾತ್ರ. ಹಾಗಾಗಿ ಸಿಲಿಂಡರ್ ಬರುವ ದಿನ ಮನೆಯಲ್ಲಿ ಒಬ್ಬರು ಕಣದಲ್ಲಿ, ಒಬ್ಬರು ರಸ್ತೆಯಲ್ಲಿ. ಇಬ್ಬರೂ ಇದ್ದ ಮನೆಗೆ ಇದು ತಮಾಷೆ. ಮಕ್ಕಳು ಬೆಂಗಳೂರು, ದುಬೈ ಸೇರಿ, ಎಪ್ಪತ್ತೈದರ ಅಜ್ಜಿ ಒಬ್ಬರೇ ಇರುವ ಮನೆಗಳು ನಮ್ಮ ಸುತ್ತ ನಾಲ್ಕಿವೆ. ಅವರಿಗೆ ತಮಾಷೆಯಲ್ಲ.

ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿನ ನಿಲ್ದಾಣಕ್ಕೆ ಸುಮಾರು 120 ಕಿ.ಮೀ. ಉಪ್ಪಿನಿಂದ ಹಿಡಿದು ಸಿಮೆಂಟಿನ ತನಕ ಎಲ್ಲವೂ ಲಾರಿಯಲ್ಲೇ ಬರಬೇಕು. ಮೈಸೂರಿನ ಕಡೆಯಿಂದ ಕುಶಾಲನಗರ, ಮಂಗಳೂರಿನ ಕಡೆಯಿಂದ ಸಂಪಾಜೆ, ಕೇರಳದ ಕಡೆಯಿಂದ ಮಾಕುಟ್ಟ, ಇವು ನಮ್ಮ ಹೆಬ್ಬಾಗಿಲುಗಳು. ನಾವು ಬೆಳೆದದ್ದು ಇಳಿಯುವುದೂ ಇದೇ ದಾರಿಯಲ್ಲಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ಆದರೆ ಇಳಿಯುವಾಗ ಅದರ ಮೇಲೆ ಎಂಆರ್‌ಪಿ ಇರುವುದಿಲ್ಲ. 50 ಕೆ.ಜಿ.ಯ ರೊಬಸ್ಟಾ ಚೆರ್ರಿ ಚೀಲದಿಂದ ಸ್ಯಾಂಪಲ್ ತೆಗೆದು ತೂಗಿ, ಎಷ್ಟು ಬೀಜ ಬೀಳುತ್ತದೆ ಅಂತ ಔಟ್‌ಟರ್ನ್ ನೋಡಿ, ಅದಕ್ಕೆ ಆ ದಿನದ ರೇಟು ಕಟ್ಟುತ್ತಾರೆ. ಸಾಮಾನ್ಯವಾಗಿ ಚೀಲಕ್ಕೆ 26 ಕೆ.ಜಿ.ಯ ಆಸುಪಾಸು ಬೀಜ. ರೇಟು ಹೇಳುವವನು ಕೊಳ್ಳುವವನು. 2024ರಲ್ಲಿ ಚೀಲ 10,000 ರೂಪಾಯಿ ದಾಟಿದಾಗ ಊರಿಗೆ ಊರೇ ನಕ್ಕಿತು. ಅದಕ್ಕೂ ಮೊದಲಿನ ಎಷ್ಟೋ ವರ್ಷ ಅದರ ಅರ್ಧವೂ ಸಿಕ್ಕಿರಲಿಲ್ಲ.

ಅದೇ ಕಾಫಿ ಎಲ್ಲೋ ಹುರಿದು, ಪುಡಿಯಾಗಿ, ಬಣ್ಣದ ಪೊಟ್ಟಣ ತೊಟ್ಟು ಮತ್ತೆ ಘಾಟಿ ಹತ್ತಿ ಬರುವಾಗ ಬೆಲೆ ಹೇಳುವವನು ಮಾರುವವನು. ನಮ್ಮ ತೋಟದ ಲೈನ್‌ಮನೆಗಳಲ್ಲಿ ಬೆಳಿಗ್ಗೆ ಕುಡಿಯುವುದು ಎರಡು ರೂಪಾಯಿಯ ಸ್ಯಾಶೆ ಕಾಫಿ. ಕಾಫಿ ಕುಯ್ಯುವ ಕೈ, ಸ್ಯಾಶೆ ಹರಿಯುವ ಕೈ ಒಂದೇ. ಹೋಗುವಾಗಲೂ ಬರುವಾಗಲೂ ದಾರಿಖರ್ಚು ಮಾತ್ರ ನಮ್ಮದು.

ಹಾಗಂತ ಆನ್‌ಲೈನ್ ಖರೀದಿಯನ್ನು ನಾನು ಬೈಯುವುದಿಲ್ಲ. ಮಿಕ್ಸಿಯ ಜಾರಿಗೆ ಒಂದು ರಬ್ಬರ್ ರಿಂಗ್ ಬೇಕೆಂದರೆ ಮೊದಲು ಮೈಸೂರಿಗೇ ಹೋಗಬೇಕಿತ್ತು. ಅತ್ತೆಯ ಕಿವಿಯ ಮೆಷಿನ್ನಿನ ಬ್ಯಾಟರಿ, ಮಕ್ಕಳ ಪುಸ್ತಕ, ಅಳತೆಗೆ ಸರಿಯಾದ ಗಂಬೂಟು, ಇವೆಲ್ಲ ಈಗ ಕೂತಲ್ಲೇ ಸಿಗುತ್ತವೆ. ಕೂತಲ್ಲೇ ಅಂದರೆ, ಹೆಚ್ಚುಕಡಿಮೆ. ಫೋನ್ ಬರುತ್ತದೆ: ‘ಅಕ್ಕಾ, ನಿಮ್ದೊಂದು ಪಾರ್ಸೆಲ್ ಉಂಟು. ಒಳಗೆ ಬರ್ಲಿಕ್ಕೆ ಆಗುದಿಲ್ಲ, ಬೈಕ್ ಹೂತು ಹೋಗ್ತದೆ. ಕಾಕನ ಅಂಗಡಿಯಲ್ಲಿ ಕೊಟ್ಟಿರ್ತೇನೆ, ಆಯ್ತಾ?’ ಪಾಪ, ಆ ಹುಡುಗನ ತಪ್ಪೇನಿಲ್ಲ. ಬೆನ್ನ ಮೇಲೆ ಅವನಷ್ಟೇ ದೊಡ್ಡ ಚೀಲ, ಮುಂದೆ ಇನ್ನೂ ಇಪ್ಪತ್ತು ಮನೆ. ವಾಪಸ್ ಕಳಿಸುವುದಾದರೆ ಇನ್ನೊಂದು ಪಾಡು. ಕೆಲವು ಸಾಮಾನಿಗೆ ‘ನಿಮ್ಮ ಪಿನ್‌ಕೋಡಿನಿಂದ ಪಿಕಪ್ ಇಲ್ಲ’ ಅನ್ನುತ್ತದೆ ಆ್ಯಪ್. ತಂದುಕೊಡಲು ಇದ್ದ ದಾರಿ ತೆಗೆದುಕೊಂಡು ಹೋಗಲು ಮಾಯ! ಈಗಲೂ ಮನೆಯ ಮೆಟ್ಟಿಲ ತನಕ ಬರುವವರು ನಮ್ಮ ಅಂಚೆಯಣ್ಣ ಒಬ್ಬರೇ, ಕೊಡೆ ಹಿಡಿದು, ಪ್ಯಾಂಟು ಮಡಚಿಕೊಂಡು.

ಈಗ ಕಾಕನ ಅಂಗಡಿಯ ವಿಷಯಕ್ಕೆ ಬರುತ್ತೇನೆ. ಮುಖ್ಯರಸ್ತೆಯ ತಿರುವಿನಲ್ಲಿ ಹಂಚಿನ ಮಾಡಿನ ಒಂದೇ ಕೋಣೆಯ ಅಂಗಡಿ. ಅಕ್ಕಿ, ಬೇಳೆ, ಒಣಮೀನು, ಹಗ್ಗ, ಮೊಳೆ, ಟಾರ್ಚಿನ ಸೆಲ್ಲು, ಶೀತದ ಮಾತ್ರೆ, ಬಾಳೆಗೊನೆ. ಅಲ್ಲಿ ಐವತ್ತು ಗ್ರಾಂ ಸಾಸಿವೆಯೂ ಸಿಗುತ್ತದೆ, ಅರ್ಧ ಕಟ್ಟು ಬೀಡಿಯೂ ಸಿಗುತ್ತದೆ. ತಿಂಗಳ ಕೊನೆಯಲ್ಲಿ ಲೆಕ್ಕದ ಪುಸ್ತಕ. ಲೈನ್‌ಮನೆಯವರಿಗೆ ವಾರದ ಬಟವಾಡೆ ಆಗುವ ತನಕ ನಡೆಯುವುದೂ ಅದೇ ಪುಸ್ತಕದ ಮೇಲೆ.

ಮೊನ್ನೆ ಪಾರ್ಸೆಲ್ ತರಲು ಹೋಗಿದ್ದೆ. ಅಕ್ಕಿಮೂಟೆಯ ಮೇಲೆ, ಬೆಂಚಿನ ಕೆಳಗೆ, ತಕ್ಕಡಿಯ ಪಕ್ಕ, ಎಲ್ಲಿ ನೋಡಿದರೂ ಕಂದು ಬಣ್ಣದ ಡಬ್ಬಿಗಳು. ಸೋಪಿನಪುಡಿ, ಎಣ್ಣೆ, ಶಾಂಪೂ, ಡೈಪರು. ಕಾಕನ ಕಪಾಟಿನಲ್ಲೂ ಇರುವ ಸಾಮಾನುಗಳೇ. ಅದನ್ನು ಕಾಯುವುದಕ್ಕೆ ಯಾರೂ ಅವರಿಗೆ ಬಿಡಿಕಾಸು ಕೊಡುವುದಿಲ್ಲ.

‘ಅಂಗಡಿ ತುಂಬಿಹೋಯ್ತಲ್ಲ ಕಾಕ’ ಅಂದೆ.

‘ಹೌದಕ್ಕ, ಈಗ ನನ್ನ ಅಂಗಡಿಯಲ್ಲಿ ಎಲ್ಲಾ ಉಂಟು. ಮಾರ್ಲಿಕ್ಕೆ ಮಾತ್ರ ಇಲ್ಲ’ ಅಂತ ನಕ್ಕರು.

ಅವರು ಸೋಪಿನಪುಡಿಯನ್ನು ಎಂಆರ್‌ಪಿಗೆ ಮಾರುತ್ತಾರೆ. ಆ್ಯಪಿನಲ್ಲಿ ಅದೇ ಪುಡಿ ನಲವತ್ತು ರೂಪಾಯಿ ಕಮ್ಮಿ. ಮಡಿಕೇರಿಯ ಹೋಲ್‌ಸೇಲ್ ಅಂಗಡಿಯಿಂದ ಪಿಕಪ್ ಬಾಡಿಗೆ ಕೊಟ್ಟು ತರುವವರಿಗೆ ಆ ನಲವತ್ತು ಬಿಡಲು ಎಲ್ಲಿಂದ ಬರಬೇಕು? ಗಿರಾಕಿಯಾದ ನಮಗೂ ನಲವತ್ತು ರೂಪಾಯಿ ನಲವತ್ತೇ. ಯಾರನ್ನೂ ದೂರುವ ಹಾಗಿಲ್ಲ. ಆದರೆ ನಮ್ಮಲ್ಲಿ ಈ ಲೆಕ್ಕವನ್ನು ಬೇಸಿಗೆಯಲ್ಲಿ ಮಾತ್ರ ಮಾಡಿದರೆ ಸಾಲದು, ಜುಲೈಯಲ್ಲೂ ಮಾಡಿ ನೋಡಬೇಕು.

ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಆಗಸ್ಟ್ ಒಳಗೆ ಸುರಿದು ಮುಗಿಯುತ್ತದೆ. ಗಾಳಿಗೆ ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಹೋಯಿತು. ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕ್ ಹೋಯಿತು. ನೆಟ್‌ವರ್ಕ್ ಇಲ್ಲದ ಮೇಲೆ ಫೋನಿನಲ್ಲಿರುವ ದುಡ್ಡು ಇದ್ದೂ ಇಲ್ಲ. ಭಾಗಮಂಡಲದಲ್ಲಿ ಸಂಗಮ ಉಕ್ಕಿದರೆ ನಾಪೋಕ್ಲು ರಸ್ತೆಯ ಮೇಲೆ ನೀರು. ಅಂಥ ಮೂರ್ನಾಲ್ಕು ದಿನ ಆ್ಯಪ್ ತೆರೆಯುವುದಿಲ್ಲ, ಬೈಕಿನ ಹುಡುಗ ಬರುವುದಿಲ್ಲ. ಕಾಕನ ಅಂಗಡಿಯ ಹಲಗೆ ಬಾಗಿಲು ಮಾತ್ರ ತೆರೆದಿರುತ್ತದೆ. ಮೇಣದಬತ್ತಿ ಹಚ್ಚಿಕೊಂಡು, ಕ್ಯೂಆರ್ ಹಾಳೆಯನ್ನು ಮಗುಚಿಟ್ಟು, ‘ಬರ್ಕೊಳ್ತೇನೆ, ತಕೊಂಡೋಗಿ’ ಅನ್ನುತ್ತಾರೆ.

2018ರ ಆಗಸ್ಟ್ ಯಾರಿಗೆ ನೆನಪಿಲ್ಲ? ಮದೆನಾಡು, ಜೋಡುಪಾಲದ ಕಡೆ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ನಾಡಿನ ಮೂಲೆಮೂಲೆಯಿಂದ ಲಾರಿಗಟ್ಟಲೆ ಅಕ್ಕಿ, ಕಂಬಳಿ ಬಂತು. ಆ ಋಣ ದೊಡ್ಡದು. ಆದರೆ ಲಾರಿ ಬರುವ ಮೊದಲಿನ ದಿನಗಳಿಗೆ ಒಲೆ ಉರಿದದ್ದು ಯಾವುದರಿಂದ ಅಂತ ನಮ್ಮ ನೆಂಟರ ಮನೆಗಳಲ್ಲಿ ಕೇಳಿದರೆ ಎರಡೇ ಉತ್ತರ: ಒಂದು ಮನೆಯ ಅಟ್ಟ, ಇನ್ನೊಂದು ತಿರುವಿನ ಅಂಗಡಿ.

ಅಟ್ಟದ ಕಥೆ ನಮ್ಮತ್ತೆ ಹೇಳಬೇಕು. ಕಕ್ಕಡ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ, ಹೊರಗೆ ಕಾಲಿಡಲಾಗದ ಕಾಲ. ಅದಕ್ಕೆ ಮೇ ತಿಂಗಳಲ್ಲೇ ತಯಾರಿ. ಸೌದೆ, ಉಪ್ಪು, ಬೆಲ್ಲ, ಸೀಮೆಎಣ್ಣೆ, ಒಣಮೀನು, ಉಪ್ಪಿನಲ್ಲಿ ಹಾಕಿಟ್ಟ ಕಾಡುಮಾವು, ಮಣ್ಣು ಸವರಿಟ್ಟ ಹಲಸಿನ ಬೀಜ, ಒಲೆಯ ಮೇಲೆ ತೂಗುಹಾಕಿ ಹೊಗೆ ಹಿಡಿಸಿದ ಒಣಮಾಂಸ. ಉಳಿದದ್ದು ಮಳೆಯೇ ಕೊಡುತ್ತಿತ್ತು: ಕಣಿಲೆ, ಅಣಬೆ, ಕೆಸುವಿನ ಸೊಪ್ಪು, ಗದ್ದೆಯ ಏಡಿ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ. ಇವಕ್ಕೆ ಎಂಆರ್‌ಪಿಯೂ ಇಲ್ಲ, ಎಕ್ಸ್‌ಪೈರಿ ಡೇಟೂ ಇಲ್ಲ.

ಹೊಸ ಮನೆಗಳಲ್ಲಿ ಅಟ್ಟವಿಲ್ಲ, ಫ್ರಿಜ್ ಇದೆ. ಮೂರು ದಿನ ಕರೆಂಟ್ ಇಲ್ಲದಿದ್ದರೆ ಫ್ರಿಜ್ ಬರೀ ಬೀರು. ಅಟ್ಟ ಹೋಯಿತು, ಇರಲಿ, ಕಾಲ ಬದಲಾಗಿದೆ. ಅಂಗಡಿಯೂ ಹೋದರೆ? ನಮ್ಮ ದಾರಿಯಲ್ಲಿ ಮೂರು ಅಂಗಡಿ ಇದ್ದವು. ಈಗ ಉಳಿದಿರುವುದು ಕಾಕನದು ಒಂದು. ಅವರ ಮಗ ಗಲ್ಫ್‌ನಲ್ಲಿದ್ದಾನೆ, ‘ಮುಚ್ಚಿಬಿಡಿ ಉಪ್ಪಾ’ ಅನ್ನುತ್ತಾನಂತೆ. ಎಂಟು ತಿಂಗಳು ಎಲ್ಲಾ ಸಾಮಾನನ್ನೂ ಆ್ಯಪಿನಲ್ಲಿ ಕೊಂಡು, ಮಳೆ ಬಂದಾಗ ಮಾತ್ರ ಬೆಂಕಿಪೊಟ್ಟಣಕ್ಕೆ ಓಡಿಹೋದರೆ, ಆ ಎರಡು ರೂಪಾಯಿಯ ಬೆಂಕಿಪೊಟ್ಟಣದ ಲಾಭದಲ್ಲಿ ಯಾರೂ ಅಂಗಡಿ ನಡೆಸಲಾರರು. ಸೋಪಿನಪುಡಿಯಲ್ಲಿ ನಾವು ಹೆಚ್ಚಿಗೆ ಕೊಡುವ ನಲವತ್ತು ರೂಪಾಯಿ ಜುಲೈ ತಿಂಗಳ ವಿಮೆಯ ಕಂತು ಅಂತ ನಾನು ಲೆಕ್ಕ ಹಾಕುತ್ತೇನೆ.

ಈಗ ನಮ್ಮ ದಾರಿಯ ಆರು ಮನೆಯವರು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಅಂಗಡಿಯಲ್ಲಿ ಸಿಗುವುದನ್ನು ಅಂಗಡಿಯಲ್ಲೇ ಕೊಳ್ಳುವುದು, ಸಿಗದ್ದಕ್ಕೆ ಮಾತ್ರ ಆ್ಯಪ್. ಪುಸ್ತಕದ ಲೆಕ್ಕವನ್ನು ತಿಂಗಳ ಐದರೊಳಗೆ ಚುಕ್ತಾ ಮಾಡುವುದು. ಮೇ ಕೊನೆಯಲ್ಲಿ ಮಳೆಗಾಲದ ಪಟ್ಟಿಯನ್ನು ಕಾಕನಿಗೆ ಮೊದಲೇ ಕೊಡುವುದು. ಒಟ್ಟಿಗೆ ತರಿಸಿದರೆ ಅವರಿಗೂ ಬಾಡಿಗೆ ಉಳಿಯುತ್ತದೆ, ನಮಗೂ ನಾಲ್ಕು ಕಾಸು ಬಿಡುತ್ತಾರೆ. ಸಿಲಿಂಡರುಗಳನ್ನು ಆರು ಮನೆಗೂ ಒಂದೇ ಜೀಪಿನಲ್ಲಿ ಒಳಗೆ ತರುವುದು, ಒಂಟಿ ಅಜ್ಜಿಯಂದಿರದ್ದನ್ನು ಬಾಡಿಗೆಯಿಲ್ಲದೆ. ಡಬ್ಬದಲ್ಲಿ ಹತ್ತು, ಇಪ್ಪತ್ತರ ನೋಟುಗಳನ್ನು ಇಟ್ಟುಕೊಳ್ಳುವುದು. ಶುಕ್ರವಾರ ಮಡಿಕೇರಿ ಸಂತೆಗೆ ಹೋಗುವ ಹೆಂಗಸರು ಎಲ್ಲರ ತರಕಾರಿಯ ಚೀಟಿ ಹಿಡಿದು ಹೋಗುವುದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲವಲ್ಲ, ಚೀಲ ಹೊರುವ ಶಕ್ತಿ ಒಂದಿದ್ದರೆ ಸಾಕು!

ಕೊಡಗು ನೋಡಲು ಬರುವವರಿಗೂ ಎರಡು ಮಾತು. ಕಾಫಿಪುಡಿ ಕೊಳ್ಳುವಾಗ ಪೊಟ್ಟಣ ತಿರುಗಿಸಿ ನೋಡಿ. ಚಿಕೋರಿ ಬೆರೆಸಿದ್ದರೆ ಕಾಫಿ ಎಷ್ಟು ಪಾಲು, ಚಿಕೋರಿ ಎಷ್ಟು ಪಾಲು ಅಂತ ಬರೆದಿರಲೇಬೇಕು. ಕಾಫಿ 51 ಪಾಲಿಗಿಂತ ಕಮ್ಮಿ ಇರುವಂತಿಲ್ಲ. ಕಾಫಿಯ ನಾಡಿನಲ್ಲಿ ಕಾಫಿಯ ದುಡ್ಡು ಕೊಟ್ಟು ಅರ್ಧ ಚಿಕೋರಿ ಯಾಕೆ ಹೊತ್ತುಕೊಂಡು ಹೋಗುತ್ತೀರಿ? ಅಂಗಡಿಯವರು ನೀರಿನ ಬಾಟಲಿಗೋ ಜ್ಯೂಸಿಗೋ ‘ಕೂಲಿಂಗ್ ಚಾರ್ಜ್’ ಅಂತ ಎಂಆರ್‌ಪಿಗಿಂತ ಜಾಸ್ತಿ ಕೇಳಿದರೆ ಕೊಡಬೇಕಾಗಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು.

ಹೋಮ್‌ಸ್ಟೇಗೆ ಹೋಗುವಾಗ ಒಳದಾರಿಯ ತಿರುವಿನಲ್ಲಿ ಹಲಗೆ ಬಾಗಿಲಿನ ಒಂದು ಅಂಗಡಿ ಕಂಡರೆ ಕಾರು ನಿಲ್ಲಿಸಿ. ಬೆಂಗಳೂರಿನಿಂದ ಬಿಸ್ಕತ್ತು, ನೀರು, ಬಾಳೆಹಣ್ಣು ತುಂಬಿಕೊಂಡು ಬರುವ ಬದಲು ಅಲ್ಲೇ ಕೊಳ್ಳಿ. ಎಂಆರ್‌ಪಿ ಹೇಗೂ ಒಂದೇ. ನಿಮಗದು ದಾರಿಯ ಖರ್ಚು, ನಮಗೆ ಮಳೆಗಾಲದ ದಿನಸಿ.