ಅಪ್ಪನ ಎಡಗೈಗೊಂದು ಗಿಟಾರ್: ರಾಜಾಜಿನಗರದಿಂದ ಕೆಂಗೇರಿಯಾಚೆಗೆ

ದುಡ್ಡಿಗೆ ಮಿತಿ ಇಲ್ಲ, ಏನು ಬೇಕೋ ತಗೊಳ್ಳಿ ಅಂದರೆ ಒಬ್ಬೊಬ್ಬರ ಪಟ್ಟಿ ಒಂದೊಂದು ಥರ. ನಮ್ಮ ಟೀಮಿನಲ್ಲಿ ಒಬ್ಬ ಬೈಕ್ ಅಂತಾನೆ, ಇನ್ನೊಬ್ಬಳು ಸಕಲೇಶಪುರದ ಕಡೆ ಎರಡು ಎಕರೆ ತೋಟ ಅಂತಾಳೆ. ನಮ್ಮ ಮನೆಯ ಪಟ್ಟಿ ಮಾತ್ರ ಸ್ವಲ್ಪ ವಿಚಿತ್ರ. ಅದರಲ್ಲಿ ಇರೋದು ಲ್ಯಾಪ್ ಸ್ಟೀಲ್ ಗಿಟಾರ್ ಮತ್ತು ಅದರ ಪರಿವಾರ. ಬಸವೇಶ್ವರನಗರದ ನಮ್ಮ ಮನೇಲಿ ರಾತ್ರಿ ಊಟ ಆದ ಮೇಲೆ ಅಪ್ಪ, ನಾನು ಕೂತು ಈ ಪಟ್ಟಿ ಬೆಳೆಸ್ತೀವಿ. ಅಮ್ಮ "ಮೊದಲು ಟೆರೇಸ್ ಸೋರೋದು ನಿಲ್ಲಿಸಿ" ಅಂತ ನೆನಪಿಸ್ತಾರೆ.

ಲ್ಯಾಪ್ ಸ್ಟೀಲ್ ಅಂದರೆ ತೊಡೆ ಮೇಲೆ ಅಂಗಾತ ಮಲಗಿಸಿಕೊಂಡು ನುಡಿಸೋ ಗಿಟಾರ್. ಇದರಲ್ಲಿ ಎಡಗೈ ಬೆರಳಿಂದ ತಂತಿ ಒತ್ತೋದಿಲ್ಲ. ಉಕ್ಕಿನ ಒಂದು ಸಣ್ಣ ತುಂಡನ್ನು, ಅಂದರೆ ಬಾರನ್ನು, ತಂತಿಗಳ ಮೇಲೆ ಜಾರಿಸ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಹವಾಯಿ ದ್ವೀಪದಲ್ಲಿ ಜೋಸೆಫ್ ಕೆಕುಕು ಎಂಬ ಹುಡುಗ ಈ ರೀತಿ ನುಡಿಸೋದನ್ನು ರೂಢಿಗೆ ತಂದ ಅಂತಾರೆ. ಅದಕ್ಕೇ ನಮ್ಮಲ್ಲಿ ಇದಕ್ಕೆ ಹವಾಯಿಯನ್ ಗಿಟಾರ್ ಅನ್ನೋ ಹೆಸರು. ಕರ್ನಾಟಕ ಸಂಗೀತ ಕೇಳೋರಿಗೆ ಈ ಜಾರಿಕೆ ಹೊಸದಲ್ಲ. ಗೋಟುವಾದ್ಯ ಅಥವಾ ಚಿತ್ರವೀಣೆಯೂ ಮೆಟ್ಟಿಲುಗಳಿಲ್ಲದ, ತಂತಿ ಮೇಲೆ ತುಂಡು ಜಾರಿಸಿ ನುಡಿಸೋ ವಾದ್ಯವೇ.

ನಮ್ಮ ಮನೆಗೆ ಈ ವಾದ್ಯ ಬಂದಿದ್ದಕ್ಕೆ ಕಾರಣ ಅಪ್ಪನ ಎಡಗೈ. ಅಪ್ಪ ಟರ್ನರ್. ಕಾಮಾಕ್ಷಿಪಾಳ್ಯದ ಶೆಡ್‌ಗಳಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು. 2004ರಲ್ಲಿ ಒಂದು ಶೆಡ್‌ನಲ್ಲಿ (ಹೆಸರು ಬೇಡ) ಆಪರೇಟರ್ ರಜೆ ಅಂತ ಪವರ್ ಪ್ರೆಸ್ ಮೇಲೆ ನಿಲ್ಲಿಸಿದರು. ಎರಡೂ ಕೈಯಿಂದ ಬಟನ್ ಒತ್ತಿದರೆ ಮಾತ್ರ ಇಳಿಯಬೇಕಾದ ಪ್ರೆಸ್ ಅದು. ಕೆಲಸ ಬೇಗ ಆಗಲಿ ಅಂತ ಒಂದು ಬಟನ್ನನ್ನು ಯಾರೋ ಮೊದಲೇ ಕಟ್ಟಿಹಾಕಿದ್ದರು. ಉಂಗುರದ ಬೆರಳು ಮತ್ತು ಕಿರುಬೆರಳು ಎರಡು ಗೆಣ್ಣಿನಷ್ಟು ಹೋದವು. ಅದಕ್ಕೂ ಮುಂಚೆ ಅಪ್ಪ ಭಾನುವಾರ ಭಾನುವಾರ ಗೆಳೆಯರ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತಿದ್ದರು. ಆಮೇಲೆ ಆ ಗಿಟಾರ್ ಅಟ್ಟ ಸೇರಿತು.

ರಾಕ್ ಕೇಳೋರಿಗೆ ಟೋನಿ ಐಯೋಮಿ ಗೊತ್ತಿರುತ್ತೆ, ಬ್ಲ್ಯಾಕ್ ಸಬ್ಬಾತ್ ತಂಡದವರು. ಹದಿನೇಳನೇ ವಯಸ್ಸಿಗೆ ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಅವರ ಎರಡು ಬೆರಳಿನ ತುದಿ ಹೋಯಿತು. ಅವರು ಎಡಚರಾದ್ದರಿಂದ ತಂತಿ ಒತ್ತೋ ಕೈಯೇ ಪೆಟ್ಟಾಗಿತ್ತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡು ನುಡಿಸಿದರು. ಅಪ್ಪನಿಗೆ ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಪ್ರೆಸ್‌ಗೆ ಗಾರ್ಡ್ ಇರಲಿಲ್ವಾ?"

ಲ್ಯಾಪ್ ಸ್ಟೀಲ್‌ನಲ್ಲಿ ಬಾರ್ ಹಿಡಿಯೋಕೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಸಾಕು. ಅಪ್ಪನಿಗೆ ಉಳಿದಿರೋದು ಆ ಮೂರೇ.

ರಾಜಾಜಿನಗರ: ಮೊದಲು ಗಿಟಾರ್

ಪಟ್ಟಿಯ ಮೊದಲ ಐಟಂ ಹುಡುಕಿಕೊಂಡು ಹೊರಟಿದ್ದು ರಾಜಾಜಿನಗರಕ್ಕೆ. ವಾದ್ಯದ ಅಂಗಡಿಯಲ್ಲಿ ಕೀಬೋರ್ಡ್, ತಬಲಾ, ಮಕ್ಕಳ ಉಕುಲೇಲೆ ಎಲ್ಲಾ ಇತ್ತು. ಲ್ಯಾಪ್ ಸ್ಟೀಲ್ ಕೇಳಿದರೆ, "ಅದು ತರಿಸ್ಬೇಕು ಮೇಡಂ" ಅಂದರು. ಸರಿ, ಭಾಷ್ಯಂ ಸರ್ಕಲ್ ಹತ್ತಿರ ಕಾಫಿ ಕುಡೀತಾ ಫೋನಿನಲ್ಲೇ ಕನಸಿನ ಅಂಗಡಿ ತೆರೆದೆವು.

ಅದರಲ್ಲಿ ಮೊದಲನೆಯದು ರಿಕನ್‌ಬ್ಯಾಕರ್ 'ಫ್ರೈಯಿಂಗ್ ಪ್ಯಾನ್'. 1932ರಲ್ಲಿ ಮಾರಾಟಕ್ಕೆ ಬಂದ ಇದನ್ನು ಎಲೆಕ್ಟ್ರಿಕ್ ಗಿಟಾರ್‌ಗಳ ಮೂಲಪುರುಷ ಅನ್ನಬಹುದು. ಅಂದರೆ ಕರೆಂಟ್ ಮೊದಲು ಹತ್ತಿದ್ದು ನಿಂತು ನುಡಿಸೋ ಗಿಟಾರಿಗಲ್ಲ, ತೊಡೆ ಮೇಲಿನದಕ್ಕೆ. ಜಾರ್ಜ್ ಬೀಚಂ ಅದನ್ನು ರೂಪಿಸಿದವರು, ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಪುಟ್ಟ ದುಂಡು ಮೈ, ಉದ್ದ ಕತ್ತು, ಥೇಟ್ ಹಿಡಿ ಇರೋ ದೋಸೆ ಕಾವಲಿ. ಫೋಟೋ ದೊಡ್ಡದು ಮಾಡಿ ನೋಡಿದ ಅಪ್ಪ ಹೇಳಿದರು, "ಇದು ಅಲ್ಯುಮಿನಿಯಂ ಕಾಸ್ಟಿಂಗ್ ಕಣಮ್ಮ. ಬಿಸಿಗೆ ಹಿಗ್ಗುತ್ತೆ. ಶ್ರುತಿ ನಿಲ್ಲುತ್ತಾ?" ನಿಲ್ಲುತ್ತಿರಲಿಲ್ಲ. ವೇದಿಕೆಯ ದೀಪದ ಕಾವಿಗೆ ಶ್ರುತಿ ಜಾರುತ್ತೆ ಅನ್ನೋ ದೂರು ಇದ್ದದ್ದೇ. 1935ರಲ್ಲಿ ಅದೇ ಕಂಪನಿ ಬೇಕಲೈಟ್‌ನಲ್ಲಿ ಇನ್ನೊಂದು ಮಾಡೆಲ್ ತಂದಿತು.

ಎರಡನೆಯದು ಗಿಬ್ಸನ್ ಇಎಚ್-150. 1936ರ ಹೊತ್ತಿನದು. ಆಂಪ್ಲಿಫೈಯರ್ ಸೇರಿ 150 ಡಾಲರ್ ಇದ್ದದ್ದರಿಂದ ಆ ಹೆಸರು. ಮೂರನೆಯದು ಫೆಂಡರ್ ಸ್ಟ್ರಿಂಗ್‌ಮಾಸ್ಟರ್, 1953ರದು. ಒಂದೇ ಮೈಗೆ ಎರಡು, ಮೂರು, ನಾಲ್ಕು ಕತ್ತು, ಒಂದೊಂದಕ್ಕೂ ಎಂಟೆಂಟು ತಂತಿ, ಕೆಳಗೆ ಕಾಲು. ನಾಲ್ಕನೆಯದು ಕರೆಂಟ್ ಬೇಡದ ವೈಸನ್‌ಬಾರ್ನ್. 1920ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹವಾಯಿಯ ಕೋವಾ ಮರದಿಂದ ಮಾಡ್ತಿದ್ದರು, ಅದರ ಕತ್ತು ಕೂಡ ಒಳಗೆ ಟೊಳ್ಳು. ನಾಲ್ಕನ್ನೂ ಪಟ್ಟಿಗೆ ಹಾಕಿದೆವು. ಅನ್‌ಲಿಮಿಟೆಡ್ ಬಜೆಟ್ ಅಂದ ಮೇಲೆ ಯಾಕೆ ಜಿಪುಣತನ?

ಕಾಮಾಕ್ಷಿಪಾಳ್ಯ: ಕ್ಯಾಟಲಾಗ್‌ನಲ್ಲಿ ಇಲ್ಲದ ಐಟಂ

ತೊಡಕು ಶುರುವಾಗಿದ್ದು ಅತ್ಯಂತ ಅಗ್ಗದ ಐಟಂನಲ್ಲಿ, ಬಾರ್‌ನಲ್ಲಿ. ಆನ್‌ಲೈನ್‌ನಲ್ಲಿ ಒಂದು ತರಿಸಿದೆವು. ಅಪ್ಪ ಹಿಡಿದರೆ ಹಿಂಭಾಗ ವಾಲುತ್ತೆ. ಸಾಮಾನ್ಯವಾಗಿ ಉಂಗುರದ ಬೆರಳು, ಕಿರುಬೆರಳು ಬಾರ್‌ನ ಹಿಂದೆ ತಂತಿ ಮೇಲೆ ಮಲಗಿರುತ್ತವೆ. ಕೈಗೆ ಆಸರೆ ಕೊಡೋದು ಅವೇ, ಹಿಂದಿನ ತಂತಿ ಗುಂಯ್ ಅನ್ನದ ಹಾಗೆ ತಡೆಯೋದೂ ಅವೇ. ಅಪ್ಪನಿಗೆ ಆ ಆಸರೆ ಇಲ್ಲ. ಎಷ್ಟೇ ಲಕ್ಷ ಇಟ್ಟುಕೊಂಡು ಹೋದರೂ ಅವರ ಕೈಗೆ ಹೊಂದೋ ಬಾರ್ ಯಾವ ಕ್ಯಾಟಲಾಗ್‌ನಲ್ಲೂ ಇಲ್ಲ.

ಹಾಗಾಗಿ ಮಾಗಡಿ ರಸ್ತೆ ದಾಟಿ ಕಾಮಾಕ್ಷಿಪಾಳ್ಯಕ್ಕೆ ಹೋದೆವು. ಈ ಕಡೆ ಬರದವರಿಗೆ ಹೇಳ್ತೀನಿ: ಇಲ್ಲಿನ ಒಳರಸ್ತೆಗಳಲ್ಲಿ ಕೆಳಗೆ ಲೇತ್, ಮೇಲೆ ಸಂಸಾರ. ಒಂದು ಬಾಗಿಲಲ್ಲಿ ಪೌಡರ್ ಕೋಟಿಂಗ್, ಪಕ್ಕದ್ದರಲ್ಲಿ ಪ್ಲೇಟಿಂಗ್, ಅದರ ಪಕ್ಕ ಇಡ್ಲಿ ಹೋಟೆಲ್. ಕೂಲೆಂಟ್ ಎಣ್ಣೆಯ ವಾಸನೆ ಗಾಳಿಯಲ್ಲೇ ಇರುತ್ತೆ. ಅಪ್ಪನ ಹಳೇ ಶಿಷ್ಯರೊಬ್ಬರ ಶೆಡ್‌ನಲ್ಲಿ ಅಪ್ಪ ಸೋಪಿನ ತುಂಡೊಂದನ್ನು ಕೆತ್ತಿ ತೋರಿಸಿದರು. ಹೆಬ್ಬೆರಳಿಗೆ ಆಳದ ಗಾಡಿ, ಮೇಲೆ ತೋರುಬೆರಳಿಗೆ ತಗ್ಗು, ಮತ್ತು ಹಿಂಭಾಗದಲ್ಲಿ ಮೊಂಡು ಬೆರಳುಗಳು ಒರಗೋಕೆ ಒಂದು ಸಣ್ಣ ರೆಕ್ಕೆ. ರೆಕ್ಕೆಯ ಅಡಿಗೆ ಫೆಲ್ಟ್ ಅಂಟಿಸಿದರೆ ಹಿಂದಿನ ತಂತಿಗಳನ್ನು ಅದೇ ಮುಚ್ಚುತ್ತೆ.

ಆ ಲೆಕ್ಕ ನೋಡಿ ನನ್ನೊಳಗಿನ ಎಂಜಿನಿಯರ್ ಸುಮ್ಮನಾದಳು. 22 ಮಿಲಿಮೀಟರ್ ದಪ್ಪ, 76 ಮಿಲಿಮೀಟರ್ ಉದ್ದದ ಸ್ಟೀಲ್ ತುಂಡು ಸುಮಾರು 225 ಗ್ರಾಂ ತೂಗುತ್ತೆ. ಹಗುರಾದರೆ ನಾದ ತೆಳು, ಭಾರವಾದರೆ ಮೂರು ಬೆರಳು ಸೋಲುತ್ತೆ. ಅಪ್ಪ ಗಾಡಿ ಆಳ ಮಾಡಿಸಿ 180ಕ್ಕೆ ಇಳಿಸಿದರು. ಶಿಷ್ಯರು ಕೇಳಿದರು, "ಎಷ್ಟು ಪೀಸ್ ಅಣ್ಣ?" ಒಂದೇ ಅಂದಾಗ ನಕ್ಕರು. ಜಾಬ್ ವರ್ಕ್‌ನಲ್ಲಿ ಒಂದು ಪೀಸ್ ಅಂದರೆ ದುಬಾರಿ. ಸೆಟ್ಟಿಂಗ್‌ಗೆ ಅರ್ಧ ದಿನ, ಕಟಿಂಗ್‌ಗೆ ಅರ್ಧ ಗಂಟೆ. "ಸರಿ, ಎರಡು ಮಾಡ್ತೀನಿ. ಒಂದು ಸ್ಪೇರ್ ಇರಲಿ" ಅಂದರು.

ವಿಜಯನಗರ: ಕಿವಿ

ಬಾರ್ ಆಗೋವರೆಗೆ ಕಿವಿ ತಯಾರಾಗಬೇಕಿತ್ತು. ಲ್ಯಾಪ್ ಸ್ಟೀಲ್‌ನಲ್ಲಿ ಗೆರೆಗಳಿರುತ್ತವೆ, ಆದರೆ ಅವು ಬರೀ ಗುರುತು. ಕೂದಲೆಳೆಯಷ್ಟು ಆಚೀಚೆ ಆದರೂ ಅಪಸ್ವರ. ಶ್ರುತಿ ಮಾಡೋ ಒಂದು ಸುಲಭ ಕ್ರಮಕ್ಕೆ ಪಾಶ್ಚಾತ್ಯರು ಓಪನ್ ಡಿ ಅಂತಾರೆ. ನಮ್ಮ ಲೆಕ್ಕದಲ್ಲಿ ದಪ್ಪ ತಂತಿಯಿಂದ ಸಣ್ಣದಕ್ಕೆ: ಸ, ಪ, ಸ, ಗ, ಪ, ಸ. ಏಳನೇ ಗೆರೆ ಮೇಲೆ ಬಾರ್ ಇಟ್ಟರೆ ಇಡೀ ವಾದ್ಯ ಪಂಚಮಕ್ಕೆ ಹೋಗುತ್ತೆ, ಹನ್ನೆರಡರಲ್ಲಿ ತಾರ ಷಡ್ಜ.

ನಮ್ಮ ಸಂಗೀತಕ್ಕೆ ಈ ವಾದ್ಯ ಒಗ್ಗಿದ್ದು ಈ ಜಾರಿಕೆಯಿಂದಲೇ. ಬ್ರಿಜ್ ಭೂಷಣ್ ಕಾಬ್ರಾ ಇದನ್ನು ಹಿಂದೂಸ್ತಾನಿ ಕಛೇರಿಗೆ ತಂದರು. ವಿಶ್ವಮೋಹನ ಭಟ್ ಇದಕ್ಕೆ ತರಬಿನ ತಂತಿಗಳನ್ನು ಸೇರಿಸಿ ಮೋಹನವೀಣೆ ಮಾಡಿಕೊಂಡರು, ರೈ ಕೂಡರ್ ಜೊತೆಗಿನ ಆಲ್ಬಮ್‌ಗೆ 1994ರಲ್ಲಿ ಗ್ರ್ಯಾಮಿ ಪಡೆದರು. ನಮ್ಮ ಬೆಂಗಳೂರಿನಲ್ಲೇ ಪ್ರಕಾಶ್ ಸೊಂಟಕ್ಕೆ ಅವರಂಥ ಸ್ಲೈಡ್ ಗಿಟಾರ್ ವಾದಕರಿದ್ದಾರೆ. ಇವರ ರೆಕಾರ್ಡಿಂಗ್‌ಗಳನ್ನು ಅಪ್ಪ ವಿಜಯನಗರದಿಂದ ಮೆಟ್ರೋ ಹತ್ತಿದಾಗೆಲ್ಲ ಇಯರ್‌ಫೋನ್‌ನಲ್ಲಿ ಕೇಳ್ತಾರೆ. ಒಮ್ಮೆ ಇಯರ್‌ಫೋನ್ ತೆಗೆದು, "ಇದನ್ನು ಕೇಳು" ಅಂದರು. ರೈಲು ಹೊರಡುವಾಗ ಮೋಟಾರ್‌ನ ಸದ್ದು ಕೆಳಗಿಂದ ಮೇಲಕ್ಕೆ ಜಾರುತ್ತಲ್ಲ, ಅದು. ಅತ್ತಿಗುಪ್ಪೆ ಬರೋ ಹೊತ್ತಿಗೆ ಅದೇ ಜಾರು ಕೆಳಮುಖ. ಈಗ ನನಗೆ ಬೇರೆ ಥರ ಕೇಳೋಕೇ ಆಗೋದಿಲ್ಲ.

ಮೈಸೂರು ರಸ್ತೆ: ಮರ ಮತ್ತು ಕರೆಂಟ್

ಮೈ ಯಾವ ಮರದ್ದು? ಅದಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್. ನನಗೆ ಬೀಟೆ ಬೇಕಿತ್ತು. ಅಮೆರಿಕದ ಮಾರ್ಟಿನ್ ಕಂಪನಿ 1969ರ ಸುಮಾರಿಗೆ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ಬೀಟೆಗೆ ಬದಲಾಯಿತು. ಅಂದಿನಿಂದ ದೊಡ್ಡ ಹೆಸರಿನ ಎಷ್ಟೋ ಗಿಟಾರ್‌ಗಳ ಬೆನ್ನು ನಮ್ಮ ಪಶ್ಚಿಮ ಘಟ್ಟದಂಥ ಕಾಡಿನ ಮರ. 2017ರಿಂದ ಬೀಟೆಯ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಬಿಗಿ ನಿಯಮ ಬಂತು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಾನು ಇದೆಲ್ಲ ಹೇಳ್ತಿದ್ದರೆ ಅಪ್ಪ ಮೂಲೆಯಲ್ಲಿದ್ದ ಹಳದಿ ಹಲಗೆ ತಟ್ಟಿ ನೋಡ್ತಿದ್ದರು. ಹಲಸು. ನಮ್ಮ ವೀಣೆಗಳಿಗೆ ಬಳಸೋ ಮರ. "ವೀಣೆಗೆ ಆಗೋದು ಇದಕ್ಕೆ ಆಗಲ್ವಾ?" ಬೀಟೆ ಪಟ್ಟಿಯಲ್ಲೇ ಉಳಿಯಿತು, ಹಲಸು ಆಟೋ ಹತ್ತಿತು.

ಕನಸಿನ ಆಂಪ್ಲಿಫೈಯರ್ ಹಳೇ ಫೆಂಡರ್ ವಾಲ್ವ್ ಸೆಟ್. ಅಮೆರಿಕದಿಂದ ಬಂದರೆ ಅದಕ್ಕೆ 120 ವೋಲ್ಟ್ ಬೇಕು, ನಮ್ಮ ಗೋಡೆಯಲ್ಲಿ 230. ನೇರ ಚುಚ್ಚಿದರೆ ಹೊಗೆ. ಹಾಗಾಗಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೂಡ ಪಟ್ಟಿಗೆ ಬಂತು. ಅದೇ ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್ ತಯಾರಿಸೋ ಸರ್ಕಾರಿ ಕಾರ್ಖಾನೆ ಕವಿಕಾ ಇದೆ. "ಬಜೆಟ್ ಇದೆಯಲ್ಲ, ಬೀದಿಗೆ ಹಾಕೋದನ್ನೇ ಒಂದು ತಗೊಂಡು ಬಿಡೋಣ" ಅಂತ ಅಪ್ಪ. ಸದ್ಯಕ್ಕೆ ಹೆಡ್‌ಫೋನ್ ಚುಚ್ಚೋ ಪುಟ್ಟ ಆಂಪ್ ಇದೆ, ಕೆಳಮನೆಯವರ ಜೊತೆ ಮಾತುಕತೆ ಚೆನ್ನಾಗಿದೆ.

ಕೆಂಗೇರಿಯಾಚೆ: ಕೊನೆಯ ಕೆಲಸ

ಬಾರ್ ಕಟ್ ಆದ ಮೇಲೆ ಗ್ರೈಂಡಿಂಗ್, ಹಾರ್ಡ್ ಕ್ರೋಮ್, ಬಫಿಂಗ್ ಆಗಬೇಕು. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಗೀರಿದ್ದರೂ ತಂತಿ ಸರಸರ ಅನ್ನುತ್ತೆ. ಅಪ್ಪ ನಂಬೋ ಗ್ರೈಂಡಿಂಗ್‌ನವರು ಮೊದಲು ನಮ್ಮ ಮನೆಯಿಂದ ನಡೆಯೋ ದೂರದಲ್ಲಿದ್ದರು. ಆ ಶೆಡ್ ಕೆಡವಿ ಈಗ ಪಿಜಿ ಬಂದಿದೆ. ಅವರು ಕೆಂಗೇರಿ ದಾಟಿ ಕುಂಬಳಗೋಡಿಗೆ ಹೋಗಿದ್ದಾರೆ. 2021ರಲ್ಲಿ ಮೆಟ್ರೋ ಕೆಂಗೇರಿವರೆಗೆ ಬಂದಿದ್ದರಿಂದ ನಮಗೆ ಅರ್ಧ ದಾರಿ ಸಲೀಸು, ಉಳಿದದ್ದಕ್ಕೆ ಬಸ್ಸು.

ಆ ಪ್ರಯಾಣದಲ್ಲಿ ನನಗೆ ಹೊಳೆದದ್ದು ಇಷ್ಟು. ಅನ್‌ಲಿಮಿಟೆಡ್ ಬಜೆಟ್ ಇದ್ದರೆ ಪ್ರಪಂಚದ ಯಾವ ಗಿಟಾರನ್ನಾದರೂ ಬಸವೇಶ್ವರನಗರಕ್ಕೆ ತರಿಸಬಹುದು. ಆದರೆ ಅಪ್ಪನ ಕೈ ನೋಡಿ ಅರ್ಧ ಮಿಲಿಮೀಟರ್ ಕಮ್ಮಿ ಮಾಡೋ ಮನುಷ್ಯ ಬೇಕಾದರೆ ಅವನು ಹತ್ತಿರದಲ್ಲೇ ಇರಬೇಕು. ಅಂಥವರು ನಮ್ಮ ಏರಿಯಾದಿಂದ ಒಬ್ಬೊಬ್ಬರಾಗಿ ಹೊರಗೆ ಹೋಗ್ತಿದ್ದಾರೆ. ಬಾಡಿಗೆ ಏರುತ್ತೆ, ಮಕ್ಕಳು ನನ್ನ ಹಾಗೆ ಕಂಪ್ಯೂಟರ್ ಮುಂದೆ ಕೂರ್ತಾರೆ. ನನಗೆ ಫೀಸ್ ಕಟ್ಟಿದ್ದೂ ಅದೇ ಲೇತ್.

ಕುಂಬಳಗೋಡಿನಲ್ಲಿ ಗ್ರೈಂಡಿಂಗ್‌ನವರು ಬಾರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಅಪ್ಪನ ಎಡಗೈಯನ್ನು ತಾವೇ ಹಿಡಿದು, ಮೊಂಡು ಬೆರಳು ರೆಕ್ಕೆ ಮೇಲೆ ಎಲ್ಲಿ ಕೂರುತ್ತೆ ಅಂತ ಮಾರ್ಕರ್‌ನಲ್ಲಿ ಗೆರೆ ಎಳೆದರು. ಮದುವೆ, ಗೃಹಪ್ರವೇಶದ ಫೋಟೋಗಳಲ್ಲಿ ಅಪ್ಪನ ಎಡಗೈ ಯಾವಾಗಲೂ ಜೇಬಿನಲ್ಲೇ ಇರುತ್ತೆ. ಅವತ್ತು ಅಪ್ಪ ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಹಳೇ ಗಿಟಾರ್ ಇದ್ದರೆ ಒಂದು ಮಾತು. ತಂತಿಗಳನ್ನು ಎತ್ತರಿಸೋ ನಟ್ ಎಕ್ಸ್‌ಟೆಂಡರ್ ಅನ್ನೋ ಸಣ್ಣ ಲೋಹದ ಪಟ್ಟಿ ಸಿಗುತ್ತೆ, ಬೆಲೆ ಬಹಳ ಇಲ್ಲ. ಅದನ್ನು ಕೂರಿಸಿ, ಸ ಪ ಸ ಗ ಪ ಸ ಅಂತ ಶ್ರುತಿ ಮಾಡಿ, ತೊಡೆ ಮೇಲೆ ಮಲಗಿಸಿ. ಬಾರ್ ಬೇಕಾದರೆ ಕಾಮಾಕ್ಷಿಪಾಳ್ಯದಲ್ಲಿ ಇನ್ನೂ ಲೇತ್‌ಗಳು ಓಡ್ತಿವೆ, ಒಂದು ಪೀಸ್ ಅಂದರೆ ನಗ್ತಾರೆ, ಆದರೆ ಮಾಡಿಕೊಡ್ತಾರೆ.

ಅಪ್ಪ ಈಗ ದಿನಕ್ಕೆ ನಲವತ್ತು ನಿಮಿಷ ಕೂರ್ತಾರೆ. ಹಲಸಿನ ಹಲಗೆ ಇನ್ನೂ ಒಣಗ್ತಿದೆ. ಅಲ್ಲಿವರೆಗೆ ಅಟ್ಟದಿಂದ ಇಳಿದ ಹಳೇ ಗಿಟಾರೇ ಗತಿ. ಟೆರೇಸ್‌ನ ಸೋರಿಕೆ ಪಟ್ಟಿಯ ಮೊದಲ ಸಾಲಿಗೆ ಬಂದಿದೆ, ಅಮ್ಮನೇ ಬರೆದಿದ್ದು.